ಉಡಿದಾರದ ಕಬ್ಬಿಣ

ಹಂಸಳ ಎಡಗಾಲು ಊದಿಕೊಂಡಿದ್ದನ್ನು ಮೊದಲು ಕಂಡವಳು ಅವಳ ತಾಯಿ ಚಿಕ್ಕಮುನಿಯಮ್ಮ. ಬಾಣಂತಿ ಮಗಳ ಕಾಲಿಗೆ ತಂಡಿ ಆಗದಿರಲಿ ಎಂದು ಉಲ್ಲನ್ ಸಾಕ್ಸ್ ಹಾಕಲು ಹೋದಳು. ಬಲಗಾಲಿಗೆ ಸರಾಗವಾಗಿ ಏರಿದ್ದು ಎಡಗಾಲಿನ ಮೀನಖಂಡದ ಹತ್ತಿರ ನಿಂತುಬಿಟ್ಟಿತು.

"ಏನೇ ಇದು, ಒಂದೇ ಕಾಲಿಗೆ ಬಾಣಂತನ ಮಾಡಿಸ್ಕೊಂತಿದ್ಯಾ?"

ಹಂಸ ನಕ್ಕಳು. ಚಿಕ್ಕಮುನಿಯಮ್ಮ ಹೆಬ್ಬೆರಳಿಂದ ಒತ್ತಿ ನೋಡಿದಳು. ಬಿದ್ದ ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಉಳಿದ ಹಾಗೆ. ಆಮೇಲೆ ಇಬ್ಬರೂ ನಗಲಿಲ್ಲ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಫ್ರೇಜರ್ ಟೌನಿನ ಒಂದು ನರ್ಸಿಂಗ್ ಹೋಮಿನ ಮಹಡಿ ಕೋಣೆ. ಕಿಟಕಿ ತೆಗೆದರೆ ಮಾಸ್ಕ್ ರೋಡಿನ ಕಬಾಬಿನ ಹೊಗೆ ಒಳಗೇ ಬರುತ್ತಿತ್ತು. "ಬಾಣಂತಿಗೆ ಸಾರನ್ನ ಕೊಟ್ಟು ಪಕ್ಕದಲ್ಲಿ ಈ ವಾಸನೆ ಬಿಟ್ರೆ ಹೆಂಗಮ್ಮ" ಎಂದು ಹಂಸ ದಿನಾ ಗೊಣಗುತ್ತಿದ್ದಳು. ಗಂಡ ಮುನಿಶಾಮಿ ಹೋದ ಮೇಲೆ ಚಿಕ್ಕಮುನಿಯಮ್ಮನಿಗೆ ಉಳಿದಿದ್ದು ಕೆ.ಆರ್. ಪುರದ ಹಳೇ ಊರಿನ ಮನೆ, ಹಿತ್ತಲಿನ ಕೊಟ್ಟಿಗೆ, ಮತ್ತೆ ಈ ಒಬ್ಬಳು ಮಗಳು. ಹೊಲಗಳೆಲ್ಲ ಲೇಔಟಾಗಿ ಹೋಗಿದ್ದವು. ಆದರೂ ಅವಳು ಹಸು ಬಿಡಲಿಲ್ಲ. ಹೊಲವಿದ್ದ ಜಾಗದಲ್ಲೇ ಎದ್ದ ಮನೆಗಳಿಗೆ ಬೆಳಗಿನ ಜಾವ ಹಾಲು ಹಾಕಿ, ಸಗಣಿ ಬಾಚಿ, ಹುಲ್ಲು ಹೊತ್ತು ಮಗಳನ್ನು ಪಿಯುಸಿವರೆಗೆ ಓದಿಸಿ, ತನ್ನ ಅಣ್ಣನ ಮಗ ಪ್ರೇಮ್‌ಕುಮಾರನಿಗೇ ಕೊಟ್ಟಿದ್ದಳು. ಅವನದು ಹಲಸೂರಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ. ಚಡ್ಡಿ ಹಾಕದ ಕಾಲದಿಂದ ಇವಳ ಸೊಂಟದ ಮೇಲೆ ಬೆಳೆದವನಾದ್ದರಿಂದ, ಅಳಿಯನಾದ ಮೇಲೂ ಅವನು ಅತ್ತೆಯನ್ನು ನೀನು ಎಂದೇ ಮಾತಾಡಿಸುತ್ತಿದ್ದ.

ಡಾಕ್ಟರ್ ಸುಕನ್ಯ ಕಾಲು ನೋಡಿದರು. ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ಕೂತು ಮಾತಾಡಿದರೆ ಒಳ್ಳೇದಲ್ಲ ಎಂದು ಚಿಕ್ಕಮುನಿಯಮ್ಮನಿಗೆ ಗಂಡನ ಕಾಲದಿಂದಲೇ ಗೊತ್ತಿತ್ತು.

"ನೋಡೀಮ್ಮ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಅನುಮಾನ. ತೊಡೆವರೆಗೂ ನೋಡಿದ್ವಿ, ಚೆನ್ನಾಗಿದೆ. ಆದ್ರೆ ತೊಡೆ ದಾಟಿ ಮೇಲಕ್ಕೆ, ಸೊಂಟದ ಗೂಡಿನೊಳಗೆ ಹೋಗೋ ದೊಡ್ಡ ನಾಳ ಇದೆಯಲ್ಲ, ಅದು ಈ ಮೆಷೀನಿಗೆ ಕಾಣ್ತಿಲ್ಲ. ಅದನ್ನ ನೋಡೋಕೆ ಎಂಆರ್‌ಐ ಆಗ್ಬೇಕು."

"ಕಾಣ್ದಿದ್ರೆ ಬಿಡಿ ತಾಯಿ, ಔಷಧಿ ಕೊಟ್ಬಿಡಿ."

"ಕೊಡಬಹುದಿತ್ತು. ಅದು ರಕ್ತ ತೆಳು ಮಾಡೋ ಇಂಜೆಕ್ಷನ್. ಸಿಸೇರಿಯನ್ ಆದ್ಮೇಲೆ ಇವಳಿಗೆ ಒಳಗೆ ರಕ್ತ ಸೋರಿ, ಮತ್ತೆ ತೆಗೆದು ಹೊಲಿಗೆ ಹಾಕಿದೀವಿ. ಸುಮ್‌ಸುಮ್ನೆ ತೆಳು ಮಾಡಿದ್ರೆ ಅಲ್ಲಿ ಮತ್ತೆ ಸೋರುತ್ತೆ. ಹೆಪ್ಪು ಇದ್ದೂ ಕೊಡದೆ ಹೋದ್ರೆ, ಅದು ಕಳಚ್ಕೊಂಡು ಶ್ವಾಸಕೋಶಕ್ಕೆ ಹೋಗುತ್ತೆ. ಎರಡೂ ಅಪಾಯಾನೇ. ಇದೆಯೋ ಇಲ್ವೋ ಅಂತ ಕಣ್ಣಾರೆ ನೋಡ್ಬೇಕು. ಇವತ್ತೇ."

ಪ್ರೇಮ್‌ಕುಮಾರ್ ಆಂಬುಲೆನ್ಸಿಗೆ ಹೇಳಲು ಕೆಳಗೆ ಓಡಿದ. ಕೂಸು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಚಿಕ್ಕಮುನಿಯಮ್ಮ ಮಗಳ ಹೊಟ್ಟೆಬಟ್ಟೆ ಸರಿಮಾಡುವ ನೆಪದಲ್ಲಿ ಸೊಂಟದ ಹತ್ತಿರ ಕೈಯಾಡಿಸಿದಳು. ಇತ್ತು. ಇದ್ದಲ್ಲೇ ಇತ್ತು.

ಅದು ಅವಳ ತವರಿನ ಪದ್ಧತಿ. ಅವಳ ಅಜ್ಜ ದಂಡಿಗೆ ಹುಲ್ಲಿನ ಗಾಡಿ ಹೊಡೆಯುತ್ತಿದ್ದವನು. ದಂಡು ಅಂದರೆ ಈ ಕಂಟೋನ್ಮೆಂಟೇ, ಬಿಳಿಯರ ಕುದುರೆಗಳಿದ್ದ ಕಾಲ. ಎತ್ತಿನ ಕಾಲಿಂದ ಸವೆದು ಬಿದ್ದ ಲಾಳವನ್ನು ಆ ಮನೆಯವರು ಬಿಸಾಡುತ್ತಿರಲಿಲ್ಲ. ಅದರ ಒಂದು ಚೂರು ಮುರಿದು, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಮೇಣ ಮೆತ್ತಿ, ಹೆತ್ತವಳ ಉಡಿದಾರಕ್ಕೆ ಕಟ್ಟುತ್ತಿದ್ದರು. ಅಷ್ಟು ದೂರ ನಡೆದ ಕಬ್ಬಿಣ, ಯಾವ ಗಾಳಿಯೂ ಅದನ್ನು ದಾಟಿ ಬರುವುದಿಲ್ಲ ಎಂಬ ನಂಬಿಕೆ. ಬಾಣಂತಿ ಗಂಗೆಪೂಜೆ ಮಾಡುವವರೆಗೆ ಅದನ್ನು ಬಿಚ್ಚಬಾರದು. ಇದೆ ಅಂತ ಪರರಿಗೆ ಹೇಳಲೂಬಾರದು.

ಅವಳ ಅಕ್ಕ ಮುನಿರತ್ನಮ್ಮ ಬಾಣಂತಿಯಾಗಿದ್ದಾಗ ಅವಳ ಉಡಿದಾರವನ್ನು ಆಸ್ಪತ್ರೆಯಲ್ಲಿ ಮೈ ಒರೆಸುವಾಗ ಯಾರೋ ಕತ್ತರಿಸಿ ಎಸೆದಿದ್ದರು. ಆಮೇಲೆ ಜ್ವರ ಬಂದು ಅಕ್ಕ ಹೋಗಿಬಿಟ್ಟಳು. ಆಗ ಚಿಕ್ಕಮುನಿಯಮ್ಮನಿಗೆ ಲಂಗ ಹಾಕುವ ವಯಸ್ಸು. ಬಾಗಿಲ ಸಂದಿಯಿಂದ ನೋಡಿದ್ದಳು. ಜ್ವರ ಏಕೆ ಬಂತು ಎಂದು ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ದಾರ ಕತ್ತರಿಸಿದ್ದನ್ನು ಮಾತ್ರ ಎಲ್ಲರೂ ಹೇಳಿದರು.

ಸ್ಕ್ಯಾನ್ ಸೆಂಟರು ಇಂದಿರಾನಗರದಲ್ಲಿ, ಹಳೇ ಬಂಗಲೆಯೊಂದನ್ನು ಕೆಡವಿ ಕಟ್ಟಿದ ಕಟ್ಟಡದ ನೆಲಮಾಳಿಗೆ. ಎಸಿಯ ಚಳಿಗೆ ಚಿಕ್ಕಮುನಿಯಮ್ಮ ಕೂಸನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು.

"ಒಳಗೆ ಏನೋ ಮಾಡ್ತಾರೆ ಇವ್ರು? ಕುಯ್ತಾರಾ?"

"ಇಲ್ಲ ಅತ್ತೆ. ದೊಡ್ಡ ಅಯಸ್ಕಾಂತ ಅಷ್ಟೆ. ನಮ್ಮ ಮಿಕ್ಸಿ ಮೋಟರಲ್ಲಿ ಇರುತ್ತಲ್ಲ, ಅಂಥಾದ್ದೇ, ಒಂದು ರೂಮಿನಷ್ಟು. ಅದ್ರ ಬಾಯೊಳಗೆ ಮಲಗಿಸಿ ಫೋಟೋ ತೆಗೀತಾರೆ. ನೀನು ಮಾತ್ರ ಹತ್ರ ಹೋಗ್ಬೇಡ ಮತ್ತೆ."

"ಯಾಕೋ?"

"ನಿನ್ನ ಬಾಯಲ್ಲಿರೋ ಬೈಗುಳ ಎಲ್ಲಾ ಕಬ್ಬಿಣ. ಎಳ್ಕೊಂಡ್ಬಿಡುತ್ತೆ."

ಸ್ಟ್ರೆಚರಿನ ಮೇಲಿದ್ದ ಹಂಸ ಕಿಸಕ್ಕನೆ ನಕ್ಕು, ಹೊಲಿಗೆ ಎಳೆದು, "ನಗಿಸ್ಬೇಡ್ರೀ" ಎಂದು ಹೊಟ್ಟೆ ಹಿಡಿದುಕೊಂಡಳು.

ಮೆಷೀನು ನೋಡಿಕೊಳ್ಳುವ ಹುಡುಗ ಲಕ್ಷ್ಮಿಕಾಂತ. ರಾಯಚೂರು ಕಡೆಯವನು, ಮಾತಿನಲ್ಲೇ ಗೊತ್ತಾಗುತ್ತಿತ್ತು. "ಅಮ್ಮಾರ, ಮೈಮ್ಯಾಲ ಏನೇನ್ ಐತಿ ಎಲ್ಲಾ ತಗೀಬೇಕ್ರಿ. ಸರ, ಓಲೆ, ಕಾಲುಂಗರ, ಪಿನ್ನ, ತಾಯತ, ಏನೂ ಇರಬಾರ್ದು. ಒಂದ್ ಸಣ್ಣ ಸೂಜಿ ಇದ್ರೂ ಚಿತ್ರ ಹಾಳಾಗ್ತದ. ಒಳಗ ಹೋಗಿ ಗೌನ್ ಹಾಕ್ಕೊಂಡ್ ಬರ್ರಿ. ತಾಯಿ ಇದೀರಲ್ಲ, ನೀವೇ ನೋಡಿ ತಗೀರಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಕ್ಕಮುನಿಯಮ್ಮ ಒಂದೊಂದಾಗಿ ಬಿಚ್ಚಿದಳು. ತಾಳಿ ತೆಗೆಯುವ ಮೊದಲು ಅರಿಶಿನದ ಕೊಂಬು ಕಟ್ಟಿದ ದಾರವನ್ನು ಮಗಳ ಕೊರಳಿಗೆ ಹಾಕಿದಳು. ಅದನ್ನು ಅವಳು ಮೊದಲೇ ಯೋಚಿಸಿ ತಂದಿದ್ದಳು. ಎಡಗಾಲಿನ ಕಾಲುಂಗುರ ಊತಕ್ಕೆ ಸಿಕ್ಕಿಕೊಂಡು ಬರಲೊಲ್ಲದು. ಸೋಪು ಹಚ್ಚಿ, ಬೆರಳನ್ನು ಮೆಲ್ಲಗೆ ತಿರುವಿ, ಊದಿ ಊದಿ ತೆಗೆದಳು. ಹಂಸ ಹಲ್ಲು ಕಚ್ಚಿಕೊಂಡಿದ್ದಳು. ಎಲ್ಲ ಮುಗಿದ ಮೇಲೆ ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಅಮ್ಮಾ, ಇದು?"

"ಸುಮ್ನಿರು. ಅದು ಒಡವೆನಾ?"

"ತಾಯತಾನೂ ಅಂದ್ರಲ್ಲ ಅವ್ರು."

"ಇದು ತಾಯತ ಅಲ್ಲ. ಮನೇದು."

"ಅಯಸ್ಕಾಂತ ಅಂತೆ ಕಣಮ್ಮ. ಎಳೆದ್ರೆ?"

"ಎಳೆದ್ರೆ ಎಳೀಲಿ. ದಾರ ಗಟ್ಟಿ ಇದೆ." ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಹಸು ಎಳೆದರೂ ಬಿಚ್ಚದ ಗಂಟು ಹಾಕುವ ಕೈ ಅವಳದು. ಬಗ್ಗಿ ಉಡಿದಾರವನ್ನು ಇನ್ನೊಂದು ಸುತ್ತು ಬಿಗಿದು, ಗಂಟಿನ ಮೇಲೆ ಗಂಟು ಹಾಕಿದಳು.

"ಹೇಳ್ಬಿಡೋಣಮ್ಮ. ಆಯಣ್ಣ ಒಳ್ಳೇವ್ರ ಥರ ಇದಾರೆ. ಬೈಯಲ್ಲ."

ಚಿಕ್ಕಮುನಿಯಮ್ಮನ ಕಣ್ಣ ಮುಂದೆ ಅಕ್ಕ ಬಂದಳು, ಬಾಗಿಲ ಸಂದಿ ಬಂತು. ಕೂಸನ್ನು ಎತ್ತಿ ಮಗಳ ಮುಂದೆ ಹಿಡಿದಳು. "ಇವಳ ಮೇಲಾಣೆ. ಬಾಯಿ ಬಿಟ್ರೆ ನೋಡು."

ಹಂಸ ಕೂಸಿನ ಮುಖ ನೋಡಿದಳು. ಗೌನಿನ ದಾರ ಕಟ್ಟಿಕೊಂಡಳು.

ಹೊರಗೆ ಲಕ್ಷ್ಮಿಕಾಂತ ಮತ್ತೊಮ್ಮೆ ಕೇಳಿದ. "ಎಲ್ಲಾ ತಗದ್ರಿಲ್ರೀ ಅಮ್ಮಾರ? ಏನೂ ಇಲ್ಲಲ್ಲ?"

"ಏನೂ ಇಲ್ಲಪ್ಪ" ಎಂದಳು ಚಿಕ್ಕಮುನಿಯಮ್ಮ.

ಅವನು ಹಂಸಳ ಕೈಗೆ ಒಂದು ರಬ್ಬರಿನ ಉಂಡೆ ಕೊಟ್ಟ. "ಅಕ್ಕಾರ, ಒಳಗ ಭಾಳ ಸದ್ದಾಗ್ತದ, ಅಂಜಬ್ಯಾಡ್ರಿ. ನೋವು ಗೀವು ಆದ್ರ ಇದನ್ನ ಹಿಚುಕ್ರಿ, ನಾ ಓಡಿ ಬರ್ತೀನಿ."

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಯಾರೋ ತಗಡಿನ ಮೇಲೆ ಸುತ್ತಿಗೆಯಿಂದ ಬಡಿಯುವ ಸದ್ದು ಶುರುವಾಯಿತು. ಕೂಸು ಬೆಚ್ಚಿ ಅತ್ತಿತು. ಚಿಕ್ಕಮುನಿಯಮ್ಮ ಎದ್ದು ಅತ್ತಿಂದಿತ್ತ ನಡೆದಳು. ತೊಡೆ ತಟ್ಟಿದಳು, ಬೆನ್ನು ಸವರಿದಳು. ಮನಸ್ಸೆಲ್ಲ ಒಳಗಿತ್ತು. ಗಂಟು ಗಟ್ಟಿಯಾಗಿದೆ, ಗಂಟು ಗಟ್ಟಿಯಾಗಿದೆ ಎಂದು ಹೆಜ್ಜೆಹೆಜ್ಜೆಗೂ ಹೇಳಿಕೊಂಡಳು.

ಸದ್ದು ತಟ್ಟನೆ ನಿಂತಿತು. ಲಕ್ಷ್ಮಿಕಾಂತ ಗಾಜಿನ ಬಾಗಿಲಿಂದ ತಲೆ ಹಾಕಿ ಪ್ರೇಮ್‌ಕುಮಾರನನ್ನು ಕರೆದ. ಕರೆಯದಿದ್ದರೂ ಚಿಕ್ಕಮುನಿಯಮ್ಮ ಹಿಂದೆಯೇ ಹೋದಳು.

ಪರದೆಯ ಮೇಲೆ ಬೂದುಬಣ್ಣದ ಒಂದು ಸೊಂಟ. ಅದು ತನ್ನ ಮಗಳದೆಂದು ಅವಳಿಗೆ ತಿಳಿಯಲೇ ಇಲ್ಲ. "ಇಲ್ಲಿ ನೋಡ್ರಿ" ಎಂದು ಹುಡುಗ ಬೆರಳಿಟ್ಟ. "ಎರಡೂ ಕಾಲಿಂದ ಬರೋ ನಾಳ ಇಲ್ಲಿ ಕೂಡತಾವ. ಬೆಳ್ಳಗ ಕಾಣಬೇಕು, ಹೊಳಿ ಕೂಡಿದಂಗ. ನಮಗ ಬೇಕಾಗಿದ್ದ ಜಾಗಾನೇ ಇದು." ಆ ಜಾಗದಲ್ಲಿ ಏನೂ ಇರಲಿಲ್ಲ. ಸುಟ್ಟ ಕಾಗದದ ತೂತಿನ ಹಾಗೆ ಒಂದು ದೊಡ್ಡ ಕರೀ ಗುಂಡಿ. ಅದರ ಸುತ್ತ ಎಲ್ಲವೂ ಸೊಟ್ಟಗೆ ಬಾಗಿತ್ತು. "ಮೈಮ್ಯಾಲ ಏನೋ ಕಬ್ಬಿಣ ಐತ್ರಿ ಆಕಿದು."

ಪ್ರೇಮ್‌ಕುಮಾರ್ ಅತ್ತೆಯ ಮುಖ ನೋಡಿದ. ಅವಳು ಪರದೆಯನ್ನೇ ನೋಡುತ್ತಿದ್ದಳು.

ಹಂಸಳನ್ನು ಹೊರಗೆಳೆದಾಗ ಗೌನಿನ ಮೇಲೆ ರಕ್ತ ಮೂಡಿತ್ತು. ಒಳಗೆ ಹೋಗುವಾಗ ಆ ಚೂರು ದಾರ ಸಮೇತ ಜಗ್ಗಿತ್ತು. ಬಿಗಿದ ದಾರ ಬಿಚ್ಚಿಕೊಳ್ಳಲಿಲ್ಲ. ಹಸೀ ಹೊಲಿಗೆಯನ್ನೇ ಕೊರೆದುಕೊಂಡು ನಿಂತಿತ್ತು. ರಬ್ಬರಿನ ಉಂಡೆ ಅವಳ ಬೆರಳುಗಳ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

"ಅಯ್ಯೋ ಅಕ್ಕಾರ! ನೋವಾದ್ರ ಹಿಚುಕ್ರಿ ಅಂದಿದ್ನಲ್ರೀ!" ಲಕ್ಷ್ಮಿಕಾಂತ ಅವಳನ್ನು ಹೊರಗಿನ ಕೋಣೆಗೆ ತಳ್ಳಿ ತಂದು, ಕತ್ತರಿಯಿಂದ ದಾರ ಕತ್ತರಿಸಿದ. "ಎಷ್ಟ್ ಸಲ ಕೇಳೀನಿ ನಾನು! ಬಾಯಾಗ ಹೇಳಾಕ ಏನಾಗಿತ್ತು ನಿಮಗ? ಚಿಂದಿ ಸುತ್ತಿದ್ರ ಕಬ್ಬಿಣ ಅಡಗ್ತದೇನು?"

"ನಾನೇ ಮರೆತೆ ಸರ್" ಎಂದಳು ಹಂಸ. ತುಟಿ ಬಿಳಿಚಿತ್ತು. "ಅಮ್ಮಂಗೆ ಗೊತ್ತಿರ್ಲಿಲ್ಲ. ನನ್ನ ಜ್ಞಾಪಕದಲ್ಲೇ ಇರ್ಲಿಲ್ಲ."

"ಮಂಗ ಕಣೇ ನೀನು" ಎಂದ ಪ್ರೇಮ್‌ಕುಮಾರ್. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು ಅವನಿಗೆ. "ಶುದ್ಧ ಮಂಗ."

ಚಿಕ್ಕಮುನಿಯಮ್ಮ ಬಾಯಿ ತೆರೆದಳು. ಮಗಳು ಅವಳನ್ನು ಒಂದು ಸಲ ನೋಡಿದಳು, ಅಷ್ಟೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ರಕ್ತ ನಿಲ್ಲದೆ ಮತ್ತೆ ಒಳಗೆ ಮಲಗಿಸುವ ಹಾಗಿರಲಿಲ್ಲ. ಫೋನಿನಲ್ಲಿ ಡಾಕ್ಟರ್ ಸುಕನ್ಯ, ಮೊದಲು ವಾಪಸ್ ಕರ್ಕೊಂಡು ಬನ್ನಿ ಎಂದರು. ಆಂಬುಲೆನ್ಸು ಹಲಸೂರು ಕೆರೆ ಪಕ್ಕದಲ್ಲಿ ಹೋಗುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಹಂಸ ಕಣ್ಣು ಮುಚ್ಚಿಕೊಂಡೇ "ಎಲ್ಲಿದೀವಿ?" ಎಂದಳು. ಕೆರೆ ಹತ್ರ ಎಂದ ಪ್ರೇಮ್‌ಕುಮಾರ್. "ಹಂಗಾದ್ರೆ ಒಂದು ಹೆಜ್ಜೆ ಇಳಿದು ಅಂಗಡಿ ಬಾಗ್ಲು ಹಾಕಿದ್ದೀರಾ ಇಲ್ವಾ ನೋಡ್ಕೊಂಡ್ ಬನ್ನಿ, ನೀವೇನು ಕಮ್ಮಿ ಮಂಗ ಅಲ್ಲ" ಎಂದಳು. ಅವನು ನಗಲು ಹೋಗಿ ಅತ್ತುಬಿಟ್ಟ.

ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿದರು. "ಈಗಂತೂ ಇಂಜೆಕ್ಷನ್ ಕೊಡೋಕೇ ಆಗಲ್ಲ" ಎಂದರು ಡಾಕ್ಟರು. "ಇವತ್ತು ರಕ್ತ ನಿಲ್ಲಲಿ. ನಾಳೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲನೇದೇ ಇವಳ ಸ್ಕ್ಯಾನು. ಮಾತಾಡಿದೀನಿ. ಅಲ್ಲೀವರೆಗೂ ಕಾಲು ಅಲ್ಲಾಡಿಸ್ಬೇಡಮ್ಮ."

ಸಂಜೆ ಪ್ರೇಮ್‌ಕುಮಾರ್ ಫ್ಲಾಸ್ಕಿಗೆ ಹಾಲು ತರಲು ಹೋದಾಗ ತಾಯಿ ಮಗಳು ಇಬ್ಬರೇ ಉಳಿದರು. ಹಂಸ ಮಗ್ಗುಲಲ್ಲೇ ಕೂಸಿಗೆ ಹಾಲು ಕೊಡುತ್ತಿದ್ದಳು. ಚಿಕ್ಕಮುನಿಯಮ್ಮ ಊದಿದ ಕಾಲಿನ ಬಳಿ ಕೂತಿದ್ದಳು. ಮುಟ್ಟಲು ಧೈರ್ಯವಿರಲಿಲ್ಲ.

"ಯಾಕೆ ಹಿಚುಕ್ಲಿಲ್ಲ ಅದನ್ನ?"

"ಹಿಚುಕಿದ್ರೆ ಬಂದು ಕೇಳ್ತಿದ್ರು. ಕೇಳಿದ್ರೆ ಹೇಳ್ಬೇಕಾಗ್ತಿತ್ತು. ಇವಳ ಮೇಲೆ ಆಣೆ ಹಾಕ್ಬಿಟ್ಟಿದ್ದೆ ನೀನು."

"ಅಷ್ಟು ನೋವಾಗ್ತಿರುವಾಗ ಆಣೆ ಗೀಣೆ ಯಾಕೇ ಇಟ್ಕೊಂಡೆ, ನನ್ನ ತಾಯೀ."

"ನೀನು ಹಾಕೋವಾಗ ಹಂಗೆ ಹೇಳ್ಲಿಲ್ವಲ್ಲಮ್ಮ." ಹಂಸ ಮೆಲ್ಲಗೆ ನಕ್ಕಳು. "ಹೋಗ್ಲಿ ಬಿಡು. ಅವ್ರಿಗೆಲ್ಲ ನಾನೇ ಮರೆತೆ ಅಂತಾನೇ ಇರ್ಲಿ. ನನ್ನನ್ನ ಮಂಗ ಅಂದ್ರೆ ಎರಡು ದಿನಕ್ಕೆ ಮರೀತಾರೆ. ನಿನ್ನನ್ನ ಯಾರಾದ್ರೂ ಏನಾದ್ರೂ ಅಂದ್ರೆ ನಂಗೆ ಆಗಲ್ಲ. ನಾಳೆ ತಲೆ ಬಾಚ್ಬೇಕು ಕಣಮ್ಮ ನೀನು, ಗುಬ್ಬಚ್ಚಿ ಗೂಡಾಗಿದೆ. ಪಿನ್ನು ಬೇಡ. ಬರೀ ಜಡೆ."

ಬೆಳಿಗ್ಗೆ ಚಿಕ್ಕಮುನಿಯಮ್ಮ ಮಗಳ ಬೆನ್ನಿಗೆ ದಿಂಬು ಕೊಟ್ಟು, ಹಿಂದೆ ಕೂತು ತಲೆ ಬಾಚಿದಳು. ಕೂದಲನ್ನು ಮೂರು ಪಾಲು ಮಾಡಿ ಹೆಣೆಯುತ್ತಿದ್ದಳು. "ಬಿಗಿಯಾಯ್ತಾ?" ಎಂದಳು. ಹಂಸ "ಅಮ್ಮಾ, ಉಸಿರು" ಎಂದಳು. ಅಷ್ಟೇ. ಜಡೆ ಚಿಕ್ಕಮುನಿಯಮ್ಮನ ಕೈಯಲ್ಲೇ ಇತ್ತು, ತಲೆ ಮಾತ್ರ ಎದೆಗೆ ಒರಗಿ ಭಾರವಾಯಿತು. ನರ್ಸುಗಳು ಓಡಿ ಬಂದರು, ಎದೆ ಒತ್ತಿದರು, ಇವಳನ್ನು ಹೊರಗೆ ತಳ್ಳಿದರು. ಕೆಳಗೆ ಆಂಬುಲೆನ್ಸಿನವನು ತಯಾರಾಗಿ ಹಾರನ್ ಮಾಡುತ್ತಿದ್ದ, ಸ್ಕ್ಯಾನಿಗೆ ಹೊತ್ತಾಯಿತೆಂದು.

ಹಂಸಳನ್ನು ಕೆ.ಆರ್. ಪುರಕ್ಕೇ ತಂದರು. ನೆಂಟರು ಸೇರಿದರು. ಅಂಗಳದಲ್ಲಿ ಹೆಂಗಸರ ಪಿಸುಮಾತು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಕಬ್ಬಿಣ ಇದೆ ಅಂತ ಹೇಳ್ಬಾರ್ದಾ ಹುಡುಗಿ. ಓದಿದವಳು ಬೇರೆ. ಒಂದು ಮಾತು ಹೇಳಿದ್ರೆ ಅವತ್ತೇ ಗೊತ್ತಾಗ್ತಿತ್ತಂತೆ. ಮೊದಲಿಂದಾನೂ ಅವಳಿಗೆ ಗಮನ ಕಮ್ಮಿ. ತನ್ನ ಜೀವ ತಾನೇ ಕಳ್ಕೊಂಡ್ಳು, ಪಾಪ ಕೂಸು. ಚಿಕ್ಕಮುನಿಯಮ್ಮ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು.

ಮಣ್ಣು ಮಾಡಲು ಹೊರಡುವ ಮೊದಲು ಅವಳ ಗಂಡನ ಅಣ್ಣ ಮುನಿನಾರಾಯಣಪ್ಪ ಸುತ್ತಿಗೆ ಹಿಡಿದು ಹೊಸ್ತಿಲ ಹತ್ತಿರ ಬಂದರು. ಹಿರಿಯರು, ಊರಿನ ರೀತಿ ಬಲ್ಲವರು. ಬಾಣಂತಿ ಸತ್ತರೆ ಕೂಸಿನ ಆಸೆಗೆ ತಿರುಗಿ ಬರುತ್ತಾಳೆ, ಹೆಣ ದಾಟಿದ ಮೇಲೆ ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆಯಬೇಕು ಎಂಬುದು ಅಲ್ಲಿನ ಮಾತು.

"ಬೇಡ ಭಾವ" ಎಂದಳು ಚಿಕ್ಕಮುನಿಯಮ್ಮ.

"ನಿಂಗೆ ತಿಳಿಯಲ್ಲ, ಸುಮ್ನಿರು. ಕೂಸಿನ ಒಳ್ಳೇದಕ್ಕೆ."

ಅವಳು ಎದ್ದು ಹೋಗಿ ಹೊಸ್ತಿಲ ಮೇಲೇ ಕೂತುಬಿಟ್ಟಳು. "ನಾನೂ ಒಳ್ಳೇದಕ್ಕೇ ಕಟ್ಟಿದ್ದು. ಅವಳು ಮರೀಲಿಲ್ಲ. ಕೇಳ್ತಿದೀರಾ ಎಲ್ಲಾರೂ? ಅವಳು ಏನೂ ಮರೀಲಿಲ್ಲ. ಹೇಳ್ಬಿಡೋಣಮ್ಮ, ಹೇಳ್ಬಿಡೋಣಮ್ಮ ಅಂದ್ಳು. ನಾನು ಕೂಸಿನ ಮೇಲೆ ಆಣೆ ಹಾಕಿ ಬಾಯಿ ಮುಚ್ಚಿಸ್ದೆ. ಇನ್ನೊಂದು ಗಂಟು ಹಾಕಿ ಕಳಿಸ್ದೆ. ಅವಳನ್ನ ಒಂದ್ಸಲ ತಡ್ದಿದ್ದು ಸಾಕು. ಬರೋದಿದ್ರೆ ಬರ್ಲಿ ಬಿಡಿ. ಅವಳ ಮನೆ ಇದು."

ಮುನಿನಾರಾಯಣಪ್ಪ ಸುತ್ತಿಗೆ ಕೆಳಗಿಟ್ಟರು. ಪ್ರೇಮ್‌ಕುಮಾರ್ ಮಾತ್ರ ಅವಳನ್ನು, ಮೊದಲ ಸಲ ನೋಡುವವನ ಹಾಗೆ, ನೋಡುತ್ತ ನಿಂತಿದ್ದ. ಆಮೇಲೆ ಚಟ್ಟಕ್ಕೆ ಹೆಗಲು ಕೊಡಲು ಹೋದ.

ತಿಥಿ ಮುಗಿದ ಮೇಲೆ ಅವನು ಕೂಸನ್ನು ಹಲಸೂರಿಗೆ ಕರೆದುಕೊಂಡು ಹೋದ. ಇವಳು ತಡೆಯಲಿಲ್ಲ, ಕೇಳಲಿಲ್ಲ. ಹಾಲು ಹಾಕಲು ಹೋದ ಮನೆಗಳಲ್ಲಿ ಪಾತ್ರೆ ತುಂಬಿ ಹೊರಗೆ ಚೆಲ್ಲುವವರೆಗೆ ಸುರಿಯುತ್ತ ನಿಂತಿರುತ್ತಿದ್ದಳು. ಮನೆಯವರೇ ಕೈ ಹಿಡಿದು ನಿಲ್ಲಿಸಬೇಕಿತ್ತು.

ಒಂದು ಭಾನುವಾರ ಪ್ರೇಮ್‌ಕುಮಾರ್ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಸೊರಗಿದ್ದ. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತ.

"ಸುಕನ್ಯ ಡಾಕ್ಟ್ರ ಹತ್ರ ಹೋಗಿದ್ದೆ."

ಚಿಕ್ಕಮುನಿಯಮ್ಮ ಕಂಬ ಹಿಡಿದು ನಿಂತಳು.

"ಅವತ್ತೇ ಸ್ಕ್ಯಾನು ಆಗಿದ್ರೆ ಬದುಕ್ತಿದ್ಲಾ ಅಂತ ಕೇಳ್ದೆ."

"ಏನಂದ್ರಪ್ಪ?"

"ಹೇಳೋಕಾಗಲ್ಲ ಅಂದ್ರು. ಇಂಜೆಕ್ಷನ್ ಕೊಟ್ಟಿದ್ರೆ ಉಳೀಬಹುದಿತ್ತು. ಕೊಟ್ಟ ಮೇಲೂ ಅದು ಕಳಚ್ಕೊಂಡು ಹೋಗಬಹುದಿತ್ತು. ಯಾರಿಗೂ ಹೇಳೋಕಾಗಲ್ಲ ಅಂದ್ರು."

ಹೂಂ ಅಂದಿದ್ದರೆ ಆ ಭಾರಕ್ಕೆ ತಲೆಕೊಟ್ಟು ಕೂರುತ್ತಿದ್ದಳು. ಊಹೂಂ ಅಂದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದಳೇನೋ. ಎರಡೂ ಇಲ್ಲದ ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕೂಸು ಎಚ್ಚರಾಗಿ ಅತ್ತಿತು. ಅವನು ಭುಜ ಬದಲಿಸಿದ, ತಟ್ಟಿದ, ಎದ್ದು ನಿಂತ. ಅಳು ನಿಲ್ಲಲಿಲ್ಲ. ಚಿಕ್ಕಮುನಿಯಮ್ಮನ ಕೈಗಳು ತಾವೇ ಮುಂದೆ ಬಂದವು, ಮತ್ತೆ ಹಿಂದೆ ಹೋದವು.

"ಅಮ್ಮನಿಗೆ ಮಂಡಿನೋವು, ಕೂಸಿನ ಜೊತೆ ಎದ್ದು ಕೂತು ಮಾಡೋಕಾಗ್ತಿಲ್ಲ. ಅಂಗಡಿ ಬೇರೆ" ಎಂದ ಅವನು. ನೆಲ ನೋಡುತ್ತಿದ್ದ. "ನೀವು ನೋಡ್ಕೊಳ್ಳಿ. ಮನಸ್ಸಲ್ಲಿ ಎಲ್ಲಾ ಸರಿಹೋಗಿದೆ ಅಂತ ಅಲ್ಲ ಅತ್ತೆ. ಸರಿಹೋಗಿಲ್ಲ. ಹೋಗುತ್ತೋ ಇಲ್ವೋ. ಇವಳಿಗೆ ನೀವು ಬೇಕು, ಅದಕ್ಕೆ."

ಚಡ್ಡಿ ಹಾಕದ ಕಾಲದಿಂದ ನೀನು ಅಂದವನು ನೀವು ಅಂದ. ಅವಳು ಅದನ್ನೂ ತೆಗೆದುಕೊಂಡಳು, ಕೂಸನ್ನೂ ತೆಗೆದುಕೊಂಡಳು.

ಅವನು ಭಾನುವಾರಗಳಲ್ಲಿ ಬರುತ್ತಿದ್ದ. ಮಗಳನ್ನು ಆಡಿಸಿ, ಕಾಫಿ ಕುಡಿಯದೆ ಹೋಗುತ್ತಿದ್ದ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಇಡೋಣ ಎಂದು ಹೇಳುವ ಬಾಯಿ ಇಬ್ಬರಿಗೂ ಇರಲಿಲ್ಲ.

ಲಸಿಕೆ ಹಾಕಿಸಲು ಚಿಕ್ಕಮುನಿಯಮ್ಮ ಕೂಸನ್ನೆತ್ತಿಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದಳು. ಉದ್ದ ಸಾಲು. ಎಳೇ ತಾಯಂದಿರ ನಡುವೆ ಅವಳೊಬ್ಬಳೇ ನರೆಗೂದಲಿನವಳು. ಸರದಿ ಬಂದಾಗ ಸಿಸ್ಟರು ಸಿರಿಂಜಿಗೆ ಔಷಧಿ ಎಳೆಯುತ್ತ, ಮುಖ ನೋಡದೆ, ಎಲ್ಲರನ್ನೂ ಕೇಳುವ ಹಾಗೇ ಕೇಳಿದರು.

"ಜ್ವರ ಗಿರ ಇದೆಯಾ? ಹೇಳೋದು ಏನಾದ್ರೂ ಇದೆಯಾ?"

"ಇದೆ ತಾಯಿ" ಎಂದಳು ಚಿಕ್ಕಮುನಿಯಮ್ಮ. "ಜ್ವರ ಇಲ್ಲ. ಮೊನ್ನೆ ಮೂಗು ಕಟ್ಟಿತ್ತು, ಈಗ ಇಲ್ಲ. ನೆನ್ನೆ ಹಾಲು ಒಂದ್ಸಲ ಕಕ್ಕಿದ್ಲು, ಹಸುವಿನ ಹಾಲು, ನೀರು ಬೆರೆಸಿ ಕಾಯಿಸಿ ಕೊಟ್ಟಿದ್ದು. ಬಜೆ ತೇಯ್ದು ನಾಲಿಗೆಗೆ ಸವರಿದೀನಿ. ತಲೆಗೆ ಹರಳೆಣ್ಣೆ ಇದೆ. ಬೆಳಿಗ್ಗೆ ಸಾಂಬ್ರಾಣಿ ಹೊಗೆ ಹಾಕಿದೀನಿ."

"ಸರಿ ಸರಿ, ತೊಡೆ ತೋರಿಸಿ."

"ತಡೀರಿ ತಾಯಿ." ಅವಳು ಕೂಸಿನ ಅಂಗಿ ಬಿಚ್ಚಿದಳು. "ಇದು ಕೈಗೆ ಕರಿಮಣಿ, ಗಾಜಿಂದು. ಇದು ಕಾಲಿಗೆ ದಾರ, ಬರೀ ದಾರ, ಒಳಗೆ ಏನೂ ಸುತ್ತಿಲ್ಲ, ಬಿಚ್ಚಿ ತೋರಿಸ್ತೀನಿ. ಹಣೆಗೆ ಇಟ್ಟಿರೋದು ಕಾಡಿಗೆ, ಮನೇಲೇ ಮಾಡಿದ್ದು. ಸೊಂಟಕ್ಕೆ ಏನೂ ಇಲ್ಲ. ನೋಡಿ. ಮುಟ್ಟಿ ನೋಡಿ." ಟೋಪಿ ತೆಗೆದಳು, ಲಂಗೋಟಿ ಬಿಚ್ಚಿದಳು. ಅಷ್ಟು ಜನರ ನಡುವೆ ಕೂಸು ಹುಟ್ಟಿದ ಹಾಗೆ ಅವಳ ಕೈಮೇಲೆ ಮಲಗಿತ್ತು.

"ಬೇಗ ಆಗ್ಲಿ ಅಜ್ಜಿ, ನಾವೂ ನಿಂತಿದೀವಿ" ಎಂದಳು ಹಿಂದಿನವಳು ಯಾರೋ.

"ಸಾಕಮ್ಮ, ಇಷ್ಟೆಲ್ಲ ಯಾರು ಕೇಳಿದ್ರು ನಿಮ್ಮನ್ನ" ಎಂದು ಸಿಸ್ಟರು ನಕ್ಕು, ಹತ್ತಿ ಒತ್ತಿ ಸೂಜಿ ಚುಚ್ಚಿದರು. ಕೂಸು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಕಿರುಚಿತು. "ಆಯ್ತು, ಮುಂದೆ ಬನ್ನಿ."

ಚಿಕ್ಕಮುನಿಯಮ್ಮ ಜಾಗ ಬಿಡಲಿಲ್ಲ. ಅಳುವ ಕೂಸನ್ನು ಎದೆಗೆ ಒತ್ತಿಕೊಂಡು, ಇನ್ನೇನಾದರೂ ಹೇಳುವುದು ಉಳಿದಿದೆಯೇ ಎಂದು ಯೋಚಿಸುತ್ತ, ಅಲ್ಲೇ ನಿಂತಳು.